ಕೊಚ್ಚಿಯ ಯಾವ ದಡದಲ್ಲಿ ಉಳಿಯಬೇಕು?

ಕೊಚ್ಚಿಯಲ್ಲಿ ನೀರಿನ ದಡದ ಹೋಟೆಲ್ ಬೇಕೆಂದು ಮೊಬೈಲ್‌ನಲ್ಲಿ ಹುಡುಕಿ ನೋಡಿ, ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಫೋಟೊಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ: ಬಿಳಿ ಹಾಸಿಗೆ, ತೆರೆದ ಕಿಟಕಿ, ಅದರಾಚೆ ಹೊಳೆಯುವ ನೀರು, ನೀರಿನ ಮೇಲೊಂದು ದೋಣಿ. ಆ ನೀರು ಯಾವುದು, ಕಿಟಕಿಗೂ ಅದಕ್ಕೂ ನಡುವೆ ಏನಿದೆ, ರಾತ್ರಿ ಊಟ ಮುಗಿಸಿ ದಡದವರೆಗೆ ನಡೆದು ಹೋಗಿ ನಡೆದೇ ವಾಪಸ್ ಬರಬಹುದೇ ಎಂಬುದನ್ನು ಮಾತ್ರ ಫೋಟೊ ಹೇಳುವುದಿಲ್ಲ. ಪಟ್ಟಿಯಲ್ಲಿರುವ ಒಂದು ಹೋಟೆಲ್ ಫೋರ್ಟ್ ಕೊಚ್ಚಿಯದು, ಇನ್ನೊಂದು ಎರ್ನಾಕುಲಂನದು, ಮತ್ತೊಂದು ವಿಲ್ಲಿಂಗ್ಡನ್ ದ್ವೀಪದ್ದು, ಮಗದೊಂದು ಬೋಲ್ಗಾಟ್ಟಿಯದು. ನಕ್ಷೆಯಲ್ಲಿ ಎಲ್ಲವೂ ಅಕ್ಕಪಕ್ಕದಲ್ಲೇ ಇದ್ದಂತೆ ಕಾಣುತ್ತವೆ. ಆದರೆ ನಡುವೆ ಇರುವುದು ಬಂದರು, ಹಡಗು ಓಡಾಡುವ ಆಳದ ನೀರು. ಹಗಲಿನಲ್ಲಿ ಬೋಟ್ ಹತ್ತಿ 20 ನಿಮಿಷದಲ್ಲಿ ದಾಟುವ ಈ ನೀರನ್ನು, ಕೊನೆಯ ಬೋಟ್ ತಪ್ಪಿಸಿಕೊಂಡವರು ಸೇತುವೆಗಳ ಮೇಲೆ ಸುತ್ತಿ ಸುಮಾರು 12 ಕಿಲೊಮೀಟರ್ ಆಟೊದಲ್ಲಿ ಹೋಗಿ ದಾಟಬೇಕು.

ಬೆಂಗಳೂರು, ಮೈಸೂರು, ಮಂಗಳೂರಿನ ಕುಟುಂಬಗಳಿಗೆ ಕೊಚ್ಚಿ ಎರಡು ರಾತ್ರಿಯ ಪ್ರವಾಸಕ್ಕೆ ಹದವಾದ ಊರು. ಅಷ್ಟು ಚಿಕ್ಕ ಪ್ರವಾಸದಲ್ಲಿ ದಿನಕ್ಕೆರಡು ಗಂಟೆ ಟ್ಯಾಕ್ಸಿಯಲ್ಲೇ ಕಳೆದುಹೋದರೆ ಏನು ಉಳಿಯಿತು? ವಯಸ್ಸಾದ ಅಪ್ಪ ಅಮ್ಮ, ಚಿಕ್ಕ ಮಕ್ಕಳು ಜೊತೆಗಿದ್ದರಂತೂ ಹೋಟೆಲ್ ಬಾಗಿಲಿನಿಂದ ನೀರಿನವರೆಗಿನ ದಾರಿಯೇ ಪ್ರವಾಸದ ಸುಖದುಃಖವನ್ನು ತೀರ್ಮಾನಿಸುತ್ತದೆ. ಹಾಗಾಗಿ ಈ ಊರಿನಲ್ಲಿ ಮೊದಲು ದಡವನ್ನು ಆರಿಸಿಕೊಳ್ಳಬೇಕು. ಕೋಣೆ, ಬಾಡಿಗೆ, ಬೆಳಗಿನ ತಿಂಡಿ ಎಲ್ಲ ಆಮೇಲಿನ ಮಾತು.

ಕೊಚ್ಚಿಯ ದಡಗಳು ಒಂದೊಂದು ಒಂದೊಂದು ಕಾಲದಲ್ಲಿ ಹುಟ್ಟಿದವು. ಯಾವ ದಡ ಯಾವಾಗ, ಯಾರಿಗಾಗಿ ಹುಟ್ಟಿತು ಎಂಬುದರ ಮೇಲೆ ಅಲ್ಲಿ ನಡೆಯಲು ಎಷ್ಟು ಜಾಗವಿದೆ ಎಂಬುದೂ ನಿಂತಿದೆ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರ ಹಳೆಯ ಮುಜಿರಿಸ್ ಬಂದರನ್ನು ಹೂಳಿನಿಂದ ಮುಚ್ಚಿ, ಕೊಚ್ಚಿಯಲ್ಲಿ ಅಳಿವೆಯ ಬಾಯಿ ತೆರೆಯಿತು ಎಂದು ಇತಿಹಾಸ ಬರೆದವರು ಹೇಳುತ್ತಾರೆ. ಆ ಅಳಿವೆಯ ದಕ್ಷಿಣ ದಡದಲ್ಲಿ 1503ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. 1663ರಲ್ಲಿ ಡಚ್ಚರು, 1795ರಲ್ಲಿ ಬ್ರಿಟಿಷರು ಬಂದರು. ಫೋರ್ಟ್ ಕೊಚ್ಚಿಯ ಬೀದಿಗಳು ಈ ಕಾಲದವು. ಮೋಟಾರು ಗಾಡಿಯನ್ನೇ ಕಾಣದವರು ಹಾಕಿದ ಬೀದಿಗಳಾದ್ದರಿಂದ ಅವು ಕಿರಿದು, ಗಿಡ್ಡ. ತಿರುವು ತಿರುವಿಗೂ ನೆರಳಿದೆ.

ವಿಲ್ಲಿಂಗ್ಡನ್ ದ್ವೀಪ ಇಪ್ಪತ್ತನೇ ಶತಮಾನದ್ದು. 1920ರಲ್ಲಿ ಕೊಚ್ಚಿಗೆ ಬಂದ ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೊ ಅಳಿವೆಗೆ ಅಡ್ಡವಾಗಿದ್ದ ಮರಳದಿಬ್ಬವನ್ನು ಕಡಿಸಿ, ಹೂಳೆತ್ತಿಸಿ, ದೊಡ್ಡ ಹಡಗುಗಳಿಗೆ ಒಳಬಂದರಿನ ದಾರಿ ಮಾಡಿಕೊಟ್ಟರು. ಹಾಗೆ ಎತ್ತಿದ ಮಣ್ಣು ಮರಳನ್ನು ಸುರಿದ ಕಡೆ ಮೇಲೆದ್ದ ನೆಲವೇ ಈ ದ್ವೀಪ. ಅದು ಹಡಗು, ರೈಲು, ಗೋದಾಮುಗಳಿಗಾಗಿ ಹುಟ್ಟಿದ ನೆಲ. ನೌಕಾಪಡೆಯ ನೆಲೆಯೂ ಅಲ್ಲೇ ಇದೆ. ಅಲ್ಲಿನ ರಸ್ತೆ ಲಾರಿಯ ಅಳತೆಯದು.

ಎರ್ನಾಕುಲಂನ ಮರೀನ್ ಡ್ರೈವ್ ಇನ್ನೂ ಈಚಿನದು. ಕೊಚ್ಚಿ ಸಂಸ್ಥಾನದ ದಿವಾನರಾಗಿದ್ದು, ಮುಂದೆ ಸ್ವತಂತ್ರ ಭಾರತದ ಮೊದಲ ಹಣಕಾಸು ಸಚಿವರಾದ ಆರ್.ಕೆ. ಷಣ್ಮುಖಂ ಚೆಟ್ಟಿಯವರ ಹೆಸರಿನ ರಸ್ತೆಯೊಂದು ಇಲ್ಲಿದೆ. ಹಿನ್ನೀರು ಮೊದಲು ಆ ರಸ್ತೆಯ ಅಂಚಿಗೇ ಬಂದು ತಾಗುತ್ತಿತ್ತು. ಆಮೇಲೆ ನೀರನ್ನು ಹಿಂದೆ ಸರಿಸಿ, ಮಣ್ಣು ತುಂಬಿ, ಹೊಸ ನೆಲ ಮಾಡಿ, ಅದರ ತುದಿಯಲ್ಲಿ ಜನ ಅಡ್ಡಾಡುವ ಹಾದಿ ಹಾಕಿದರು. ಹೀಗೆ ಒಂದು ಕಾಲದಲ್ಲಿ ನೀರಿಗೆ ಮುಖ ಮಾಡಿದ್ದ ಸಾಲು ಕಟ್ಟಡಗಳು ಈಗ ಅಂಗಡಿ, ಅಪಾರ್ಟ್‌ಮೆಂಟ್‌ಗಳ ಬೆನ್ನಿಗೆ ನಿಂತಿವೆ. ಈ ರಸ್ತೆಯ ಹೋಟೆಲೊಂದು ತನ್ನನ್ನು ದಡದ ಹೋಟೆಲ್ ಎಂದು ಕರೆದುಕೊಂಡರೆ ಅದು ಪೂರಾ ಸುಳ್ಳಲ್ಲ. ಆದರೆ ನೀರು ಮುಟ್ಟಲು ವಾಹನ ತುಂಬಿದ ರಸ್ತೆಯೊಂದನ್ನು ಅಡ್ಡ ದಾಟಲೇಬೇಕು. ಮಗುವಿನ ಕೈ ಹಿಡಿದು ಆ ರಸ್ತೆ ದಾಟುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ನಡೆಯುವ ಸುಖವನ್ನೇ ಮುಖ್ಯವೆಂದು ಭಾವಿಸುವವರಿಗೆ ಫೋರ್ಟ್ ಕೊಚ್ಚಿಗೆ ಸಮನಾದ ದಡ ಇಲ್ಲಿ ಇನ್ನೊಂದಿಲ್ಲ. ವಾಸ್ಕೊ ಡ ಗಾಮ ಚೌಕದ ಬಳಿ ಚೀನಾ ಬಲೆಗಳ ಸಾಲಿದೆ. ಅಲ್ಲಿಂದ ಪಶ್ಚಿಮಕ್ಕೆ ಕಡಲಂಚಿನ ಹಾದಿ ಹಿಡಿದರೆ ಬೀಚ್. ಒಳಕ್ಕೆ ತಿರುಗಿದರೆ ಪರೇಡ್ ಮೈದಾನ, ಅದರ ಪಕ್ಕದಲ್ಲಿ ಸೇಂಟ್ ಫ್ರಾನ್ಸಿಸ್ ಚರ್ಚ್. 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೊ ಡ ಗಾಮನನ್ನು ಮೊದಲು ಹೂಳಿದ್ದು ಇದೇ ಚರ್ಚಿನಲ್ಲಿ. ಮುಂದೆ ಅವನ ಅವಶೇಷವನ್ನು ಪೋರ್ಚುಗಲ್ಲಿಗೆ ಒಯ್ದರು. ಇನ್ನೂ ನಾಲ್ಕು ಹೆಜ್ಜೆ ಹೋದರೆ ಪ್ರಿನ್ಸೆಸ್ ಬೀದಿ, ಬರ್ಗರ್ ಬೀದಿ, ಸಾಂತಾ ಕ್ರೂಜ್ ಬೆಸಿಲಿಕಾ. ಪೂರ್ವಕ್ಕೆ ಹೋದರೆ ಕಸ್ಟಮ್ಸ್ ಜೆಟ್ಟಿ, ಅದರಾಚೆ 2012ರ ಡಿಸೆಂಬರ್ 12ರಂದು ಶುರುವಾದ ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ಕಲಾಪ್ರದರ್ಶನದ ಹಳೆಯ ತಾಣ ಆಸ್ಪಿನ್‌ವಾಲ್ ಹೌಸ್. ಈ ಎಲ್ಲ ಜಾಗಗಳ ನಡುವೆ ಆಟೊ ಹತ್ತುವ ಪ್ರಮೇಯವೇ ಬರುವುದಿಲ್ಲ. ದೊಡ್ಡ ಮಳೆಮರಗಳು ರಸ್ತೆಯ ಎರಡೂ ಬದಿಯಿಂದ ಚಾಚಿಕೊಂಡಿರುವುದರಿಂದ ಏಪ್ರಿಲ್ ಬಿಸಿಲಿನಲ್ಲೂ ಬೆಳಗಿನ ಹತ್ತರ ತನಕ ನಡೆಯಬಹುದು.

ಚೀನಾ ಬಲೆಯ ಬಳಿ ಸ್ವಲ್ಪ ಹೊತ್ತು ನಿಲ್ಲದೆ ಈ ದಡದ ಸ್ವಭಾವ ಅರ್ಥವಾಗುವುದಿಲ್ಲ. ತೇಗದ ಮತ್ತು ಬೇರೆ ಮರಗಳ ಉದ್ದನೆಯ ಕಂಬಗಳನ್ನು ಹಗ್ಗದಿಂದ ಬಿಗಿದು ಮಾಡಿದ ದೊಡ್ಡ ತೊಲೆ. ಅದರ ಒಂದು ತುದಿಯಲ್ಲಿ ನಾಲ್ಕು ಮೂಲೆ ಹಿಡಿದು ಹರಡಿದ ಬಲೆ, ಇನ್ನೊಂದು ತುದಿಯಲ್ಲಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಕಲ್ಲುಗುಂಡುಗಳು. ಒಬ್ಬ ತೊಲೆಯ ಮೇಲೆ ನಡೆದು ಹೋದರೆ ಬಲೆ ನೀರಿಗಿಳಿಯುತ್ತದೆ. ಕೆಲವೇ ನಿಮಿಷ ಬಿಟ್ಟು ನಾಲ್ಕಾರು ಜನ ಹಗ್ಗ ಜಗ್ಗಿದರೆ ಕಲ್ಲುಗಳು ಒಂದೊಂದಾಗಿ ಕೆಳಗಿಳಿದು ಬಲೆ ಮೇಲೇಳುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹಿನ್ನೀರಿನಿಂದ ಅಂತರಗಂಗೆ ರಾಶಿ ರಾಶಿಯಾಗಿ ತೇಲಿಬಂದು ಈ ಬಲೆಗೆ ತುಂಬಿಕೊಳ್ಳುತ್ತದೆ, ಮೀನಿಗಿಂತ ಕಳೆಯೇ ಜಾಸ್ತಿ. ಅದೇ ಕಳೆ ಬೀಚಿಗೂ ಬಂದು ಕೊಳೆಯುತ್ತದೆ. ಆ ದಿನಗಳಲ್ಲಿ ನೀರಿಗೆ ತೀರಾ ಹತ್ತಿರದ ಕೋಣೆ ಹಿಡಿದವರಿಗೆ ನೋಟದ ಜೊತೆ ವಾಸನೆಯೂ ಸಿಗುತ್ತದೆ. ಎರಡು ಬೀದಿ ಒಳಗಿರುವ ಮನೆಯೇ ಆಗ ಹಿತ.

ಹೌದು, ಎರಡು ಬೀದಿ ಒಳಗೆ. ಫೋರ್ಟ್ ಕೊಚ್ಚಿಯಲ್ಲಿ ದಡದ ಮೇಲೇ ಇರುವ ಹೋಟೆಲ್‌ಗಳು ಬೆರಳೆಣಿಕೆಯವು, ಬಾಡಿಗೆಯೂ ಅದಕ್ಕೆ ತಕ್ಕಂತೆ. ಹಳೆಯ ಹಡಗುಕಟ್ಟೆಯ ಜಾಗದಲ್ಲಿ ಎದ್ದ ಬ್ರಂಟನ್ ಬೋಟ್‌ಯಾರ್ಡ್ ಅಂಥದ್ದೊಂದು. ಕೋಣೆಯ ಮುಂದೆಯೇ ಹಡಗುಗಳು ಅಳಿವೆ ದಾಟಿ ಹೋಗುತ್ತವೆ. ಆದರೆ ಪ್ರಿನ್ಸೆಸ್ ಬೀದಿ, ಕ್ವಿರೋಸ್ ಬೀದಿ, ನೇಪಿಯರ್ ಬೀದಿಯ ಹೋಮ್‌ಸ್ಟೇಗಳಿಂದ ನೀರಿಗೆ ಐದರಿಂದ ಹತ್ತು ನಿಮಿಷದ ನಡಿಗೆ. ಕಿಟಕಿಯಿಂದ ನೀರು ಕಾಣದಿದ್ದರೂ ಕಾಲಿಗೆ ನೀರು ಸಿಗುತ್ತದೆ. ಜೆಟ್ಟಿಯ ಗದ್ದಲ, ಅಳಿವೆಯಾಚೆಯ ವೈಪಿನ್ನಿಗೆ ವಾಹನ ದಾಟಿಸುವ ರೊ-ರೊ ಬೋಟಿನ ಸದ್ದು, ಹಡಗಿನ ಹಾರ್ನ್ ಯಾವುದೂ ನಿದ್ದೆ ಕೆಡಿಸುವುದಿಲ್ಲ. ಕೇರಳ ಪ್ರವಾಸೋದ್ಯಮ ಇಲಾಖೆ ಹೋಮ್‌ಸ್ಟೇಗಳನ್ನು ಡೈಮಂಡ್, ಗೋಲ್ಡ್, ಸಿಲ್ವರ್ ಎಂದು ವರ್ಗೀಕರಿಸಿ ಪ್ರಮಾಣಪತ್ರ ಕೊಡುತ್ತದೆ. ಅದು ಇದೆಯೇ ಎಂದು ಫೋನಿನಲ್ಲೇ ಕೇಳಬಹುದು, ಕೇಳಲೇಬೇಕು. ಸರಿಯಾಗಿ ನಡೆಸುವ ಮನೆಯವರು ಆ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಈ ದಡಕ್ಕೂ ಮಿತಿಗಳಿವೆ. ಮಟ್ಟಾಂಚೇರಿಯ ಅರಮನೆ ಮತ್ತು 1568ರ ಪರದೇಶಿ ಸಿನಗಾಗ್ ನೋಡಬೇಕೆಂದರೆ ಇನ್ನೂ ಎರಡೂವರೆ ಮೂರು ಕಿಲೊಮೀಟರ್ ಹೋಗಬೇಕು. ಬಜಾರ್ ರಸ್ತೆಯ ಆ ನಡಿಗೆಯಲ್ಲಿ ಒಣಶುಂಠಿ, ಕಾಳುಮೆಣಸಿನ ಗೋದಾಮುಗಳ ಘಮಲು ಮೂಗಿಗೆ ಹಬ್ಬ. ಆದರೆ ಫುಟ್‌ಪಾತ್ ಎಂಬುದು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೂಟೆ ಇಳಿಸುವ ಲಾರಿಗಳ ಸಂದಿಯಲ್ಲೇ ದಾರಿ ಮಾಡಿಕೊಳ್ಳಬೇಕು. ಬೆಳಿಗ್ಗೆ ನಡೆದು ಹೋಗಿ ವಾಪಸ್ ಬರುವಾಗ ಆಟೊ ಹಿಡಿಯುವುದು ಜಾಣತನ. ಇನ್ನೊಂದು ಮಿತಿ ಕತ್ತಲಿನದು. ಫೋರ್ಟ್ ಕೊಚ್ಚಿ ಬೇಗ ಮಲಗುವ ಊರು. ರಾತ್ರಿ ಒಂಬತ್ತರ ಮೇಲೆ ಅಂಗಡಿಗಳ ಬಾಗಿಲು ಬೀಳುತ್ತದೆ. ಪ್ರಿನ್ಸೆಸ್ ಬೀದಿಯಲ್ಲಿ ಬೆಳಕಿದ್ದರೂ ಮೂರನೇ ತಿರುವಿನಲ್ಲಿ ಮರಗಳ ನೆರಳೇ ಗಾಢವಾಗುತ್ತದೆ, ಬೀದಿನಾಯಿಗಳು ಗುಂಪುಗೂಡುತ್ತವೆ. ಹಾಗಾಗಿ ಇಲ್ಲಿ ಮನೆ ಆರಿಸುವವರು ನೀರಿನಿಂದ ಎಷ್ಟು ದೂರ ಎನ್ನುವುದರ ಜೊತೆಗೆ, ರಾತ್ರಿ ಊಟಕ್ಕೆ ಹೋಗುವ ಜಾಗದಿಂದ ಎಷ್ಟು ದೂರ ಎಂಬುದನ್ನೂ ಅಳೆಯಬೇಕು. ಪ್ರವಾಸಿಗರಿಗೆಂದೇ ಇರುವ ಪೊಲೀಸ್ ಠಾಣೆ ಫೋರ್ಟ್ ಕೊಚ್ಚಿಯಲ್ಲಿದೆ. ಎಲ್ಲಿಂದಾದರೂ ತುರ್ತು ಕರೆಗೆ 112 ಇದ್ದೇ ಇದೆ. ಒಬ್ಬಂಟಿಯಾಗಿ ಪ್ರವಾಸ ಮಾಡುವ ಮಹಿಳೆಯರು ಚೌಕದಿಂದ ಮನೆಯ ತನಕ ಇಡೀ ದಾರಿಯಲ್ಲಿ ಅಂಗಡಿ, ಹೋಟೆಲ್, ಮನೆಬಾಗಿಲುಗಳ ಬೆಳಕು ಇರುವ ಬೀದಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಹಗಲಿನಲ್ಲಿ ಶಾಂತವಾಗಿದೆ ಎಂಬ ಕಾರಣಕ್ಕೆ ಮೆಚ್ಚುಗೆ ಪಡೆಯುವ ಗಲ್ಲಿಗಳೇ ರಾತ್ರಿ ನಿರ್ಜನವಾಗುವುದು.

ಎರ್ನಾಕುಲಂನ ಗುಣ ಬೇರೆ. ಅದು ಕೊಚ್ಚಿಯ ಪೇಟೆ. ಮರೀನ್ ಡ್ರೈವ್ ಹಾದಿಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಹೈಕೋರ್ಟ್ ಕಡೆಯಿಂದ ಮುಖ್ಯ ಬೋಟ್ ಜೆಟ್ಟಿಯ ಕಡೆಗೆ ಕಮಾನು ಸೇತುವೆಗಳನ್ನು ಹತ್ತಿ ಇಳಿಯುತ್ತ ನಡೆಯಬಹುದು. ಸಂಜೆ ಐದರಿಂದ ಎಂಟೂವರೆಯ ತನಕ ಅಲ್ಲಿ ಊರಿಗೆ ಊರೇ ಸೇರುತ್ತದೆ. ಕಡಲೆಕಾಯಿ ಮಾರುವವರು, ಕಾಲೇಜು ಹುಡುಗರು, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಬಂದ ಅಜ್ಜಂದಿರು. ಜನರ ಓಡಾಟವೇ ಇಲ್ಲಿನ ಕಾವಲು. ಸಮುದ್ರ ಮಾತ್ರ ಕಾಣುವುದಿಲ್ಲ, ಎದುರಿಗಿರುವುದು ಹಿನ್ನೀರು. ಅಲೆಯಿಲ್ಲದ ನೀರಾದ್ದರಿಂದ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಆತಂಕವೂ ಕಡಿಮೆ. ಬ್ರಾಡ್‌ವೇ ಮಾರುಕಟ್ಟೆ, ಸುಭಾಷ್ ಪಾರ್ಕ್, ಎರ್ನಾಕುಲಂ ಶಿವ ದೇವಾಲಯ ಎಲ್ಲವೂ ನಡೆದು ಹೋಗುವ ದೂರದಲ್ಲಿವೆ. ಶುದ್ಧ ಸಸ್ಯಾಹಾರಿಗಳಿಗೆ ಮೀನಿನ ಊರಾದ ಫೋರ್ಟ್ ಕೊಚ್ಚಿಗಿಂತ ಇಲ್ಲಿ ಊಟ ಸಲೀಸು.

ಊಟದ ಮಾತು ಬಂದಾಗ ಕರಾವಳಿಯವರಿಗೆ ಮಟ್ಟಾಂಚೇರಿಯ ಚೆರ್ಲಾಯಿ ನೆನಪಾಗುತ್ತದೆ. ಗೋವೆಯಿಂದ ಬಂದು ನೆಲೆಸಿದ ಗೌಡ ಸಾರಸ್ವತರ ಕೇರಿ ಅದು. ಕೊಚ್ಚಿ ತಿರುಮಲ ದೇವಸ್ವಂ ಸುತ್ತ ಈಗಲೂ ಕೊಂಕಣಿ ಕೇಳಿಸುತ್ತದೆ. ಮಂಗಳೂರು, ಉಡುಪಿ, ಕಾರ್ಕಳದ ಎಷ್ಟೋ ಮನೆಗಳಿಗೆ ಈ ಕೇರಿಯ ಜೊತೆ ನೆಂಟಸ್ತಿಕೆ, ಮಠದ ನಂಟು ಇದೆ. ಈ ಸಮುದಾಯದ ಕಾಶೀಮಠದ ಗುರುಗಳಾಗಿದ್ದ ಸುಧೀಂದ್ರ ತೀರ್ಥರು ಹುಟ್ಟಿದ್ದು ಎರ್ನಾಕುಲಂನಲ್ಲೇ, 1926ರಲ್ಲಿ. ದೇವಸ್ಥಾನಕ್ಕೆಂದು ಹೋಗುವವರಿಗೆ ಫೋರ್ಟ್ ಕೊಚ್ಚಿಯ ಕಡೆ ಉಳಿಯುವುದೇ ಹತ್ತಿರ.

ವಿಲ್ಲಿಂಗ್ಡನ್ ದ್ವೀಪ ಮತ್ತು ಬೋಲ್ಗಾಟ್ಟಿಯ ಬಗ್ಗೆ ಬೇಗ ಹೇಳಿ ಮುಗಿಸಬಹುದು. ವಿಲ್ಲಿಂಗ್ಡನ್ ತುದಿಯಲ್ಲಿ ನಿಂತರೆ ಅಳಿವೆ, ಫೋರ್ಟ್ ಕೊಚ್ಚಿ, ವೈಪಿನ್ ಮೂರೂ ಒಟ್ಟಿಗೆ ಕಾಣುತ್ತವೆ. ಇಡೀ ಬಂದರಿನ ಸೊಗಸಾದ ನೋಟ ಇದೇ ಇರಬಹುದು. ಆದರೆ ಹೋಟೆಲ್ ಗೇಟಿನ ಹೊರಗೆ ಬಂದರಿನ ಕಚೇರಿ, ಗೋದಾಮು, ಉದ್ದನೆಯ ಕಾಂಪೌಂಡ್ ಗೋಡೆ. ಕತ್ತಲಾದ ಮೇಲೆ ನಡೆಯುವ ಜನವೇ ಇಲ್ಲ. ಬೋಲ್ಗಾಟ್ಟಿಯಲ್ಲಿ ಡಚ್ಚರು 1744ರಲ್ಲಿ ಕಟ್ಟಿದ ಅರಮನೆ ಈಗ ಕೇರಳ ಸರ್ಕಾರದ ಪ್ರವಾಸೋದ್ಯಮ ನಿಗಮದ ಹೋಟೆಲ್. ಅಂಗಳ ವಿಶಾಲವಾಗಿದೆ, ಒಳಗಡೆ ನಡೆಯಲು ಹಾಯಾಗಿದೆ. ಊರೊಳಗೆ ಹೋಗಲು ಗೋಶ್ರೀ ಸೇತುವೆ ದಾಟಬೇಕು. ಹೋಟೆಲಿನ ಆವರಣದಲ್ಲೇ ವಿಶ್ರಾಂತಿ ಪಡೆಯುವುದು ಉದ್ದೇಶವಾದರೆ ಎರಡೂ ಒಳ್ಳೆಯ ಆಯ್ಕೆ. ಊರು ನೋಡಲು ಬಂದವರಿಗೆ ಅಲ್ಲ.

ದಡಗಳ ನಡುವಿನ ಲೆಕ್ಕಾಚಾರವನ್ನು ಈಚೆಗೆ ಬದಲಿಸಿದ್ದು ವಾಟರ್ ಮೆಟ್ರೊ. 2023ರ ಏಪ್ರಿಲ್ 25ರಂದು ಉದ್ಘಾಟನೆಯಾದ ಈ ಸೇವೆಯ ಬೋಟ್‌ಗಳು ಬ್ಯಾಟರಿಯಿಂದ ಓಡುತ್ತವೆ, ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲೇ ತಯಾರಾದವು, ಒಂದೊಂದರಲ್ಲಿ 100 ಜನರಿಗೆ ಜಾಗ. ಮೊದಲು ಹೈಕೋರ್ಟ್–ವೈಪಿನ್ ನಡುವೆ ಓಡಿ, 2024ರಲ್ಲಿ ಫೋರ್ಟ್ ಕೊಚ್ಚಿಗೆ, 2025ರಲ್ಲಿ ಮಟ್ಟಾಂಚೇರಿ ಮತ್ತು ವಿಲ್ಲಿಂಗ್ಡನ್ ದ್ವೀಪಕ್ಕೂ ಬಂತು. ಇದರ ಜೆಟ್ಟಿಗಳಲ್ಲಿ ಒಂದು ವಿಶೇಷವಿದೆ. ಬೋಟ್ ಬಂದು ನಿಲ್ಲುವ ಕಟ್ಟೆಯೇ ನೀರಿನ ಮೇಲೆ ತೇಲುತ್ತಿರುತ್ತದೆ. ಉಬ್ಬರ ಬಂದರೆ ಬೋಟಿನ ಜೊತೆ ಕಟ್ಟೆಯೂ ಏರುತ್ತದೆ, ಇಳಿತದಲ್ಲಿ ಜೊತೆಗೇ ಇಳಿಯುತ್ತದೆ. ಹಾಗಾಗಿ ಬೋಟಿಗೂ ಕಟ್ಟೆಗೂ ಮಟ್ಟದ ವ್ಯತ್ಯಾಸ ಬೀಳುವುದಿಲ್ಲ. ಮಂಡಿನೋವಿನ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ದಾಟಬಹುದು, ಗಾಲಿಕುರ್ಚಿ ನೇರವಾಗಿ ಒಳಗೆ ಹೋಗುತ್ತದೆ. ನಮ್ಮ ಊರುಗಳ ಸಾರಿಗೆಯಲ್ಲಿ ಇಂಥ ಕಾಳಜಿ ಕಾಣುವುದು ಅಪರೂಪ, ಕಂಡಾಗ ಸಂತೋಷವಾಗುತ್ತದೆ. ರಾಜ್ಯ ಜಲಸಾರಿಗೆ ಇಲಾಖೆಯ ಹಳೆಯ ಬೋಟ್‌ಗಳು ಎರ್ನಾಕುಲಂ ಮುಖ್ಯ ಜೆಟ್ಟಿಯಿಂದ ಈಗಲೂ ಓಡುತ್ತವೆ, ಅವುಗಳ ಟಿಕೆಟ್ ಇನ್ನೂ ಅಗ್ಗ. ಯಾವುದನ್ನೇ ಹತ್ತಿದರೂ ಇಳಿಯುವಾಗ ಕೊನೆಯ ಬೋಟ್ ಎಷ್ಟು ಗಂಟೆಗೆ ಎಂದು ಅಲ್ಲಿನ ಸಿಬ್ಬಂದಿಯನ್ನೇ ಕೇಳಿಕೊಳ್ಳಬೇಕು. ಬೋಟ್‌ಗಳ ದಿನ ಬೇಗ ಮುಗಿಯುತ್ತದೆ. ರಾತ್ರಿ ಕಥಕ್ಕಳಿ ನೋಡಿ, ಊಟ ಮಾಡಿ, ಆಚೆ ದಡಕ್ಕೆ ಬೋಟಿನಲ್ಲೇ ಹೋಗುತ್ತೇನೆ ಎಂದುಕೊಂಡವರು ಜೆಟ್ಟಿಯ ಮುಚ್ಚಿದ ಗೇಟಿನ ಮುಂದೆ ನಿಲ್ಲಬೇಕಾದೀತು.

ದಡದಲ್ಲಿ ಉಳಿಯುವ ಸುರಕ್ಷತೆ ಎಂದರೆ ಬಹುತೇಕರಿಗೆ ಕಳ್ಳತನ, ಕತ್ತಲು ಅಷ್ಟೇ ನೆನಪಾಗುತ್ತವೆ. ನೀರನ್ನು ಮರೆಯುತ್ತೇವೆ. ಫೋರ್ಟ್ ಕೊಚ್ಚಿಯ ಬೀಚ್ ಈಜುವ ಬೀಚ್ ಅಲ್ಲ. ಪಕ್ಕದಲ್ಲೇ ಅಳಿವೆ, ಹಿನ್ನೀರೆಲ್ಲ ಇಳಿತದ ಹೊತ್ತಿಗೆ ಆ ಬಾಯಿಯಿಂದಲೇ ಸಮುದ್ರಕ್ಕೆ ನುಗ್ಗುತ್ತದೆ, ಸೆಳೆತ ಬಲವಾಗಿರುತ್ತದೆ. ಮುಂಬೈಯಲ್ಲಿ ದೊಡ್ಡ ಉಬ್ಬರ ಐದು ಮೀಟರಿನ ಹತ್ತಿರ ಏರುವುದುಂಟು. ಕೊಚ್ಚಿಯಲ್ಲಿ ಉಬ್ಬರ ಇಳಿತದ ಅಂತರ ಒಂದು ಮೀಟರಿನ ಆಸುಪಾಸು ಮಾತ್ರ. ಅದನ್ನೇ ನಂಬಿ ದಡದ ಕಲ್ಲುಗಳ ಮೇಲೆ ಕೂತವರನ್ನು ಕಳ್ಳಕಡಲ್ ಬೆಚ್ಚಿಬೀಳಿಸುತ್ತದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ಬಂದು ಇಲ್ಲಿನ ದಡಕ್ಕೆ ಬಡಿಯುವ ವಿದ್ಯಮಾನ ಅದು. ಆಕಾಶ ತಿಳಿಯಾಗಿರುತ್ತದೆ, ಗಾಳಿ ಇರುವುದಿಲ್ಲ, ಆದರೂ ನೀರು ದಿಢೀರನೆ ಮೇಲೇರಿ ಹಾದಿಯ ಮೇಲೆ ಹರಿಯುತ್ತದೆ. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲೇ ಇದರ ಕಾಟ ಹೆಚ್ಚು, ಅಂದರೆ ನಮ್ಮ ಬೇಸಿಗೆ ರಜೆಯಲ್ಲಿ. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರ, ಇನ್ಕಾಯಿಸ್, ಇದಕ್ಕೆ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ಹೋಟೆಲಿನವರಿಗೆ ಆ ಎಚ್ಚರಿಕೆಯ ಅರಿವಿದೆಯೇ ಎಂಬುದು ಕೋಣೆಯ ಹವಾನಿಯಂತ್ರಣಕ್ಕಿಂತ ಮುಖ್ಯವಾದ ಪ್ರಶ್ನೆ. ಫೋರ್ಟ್ ಕೊಚ್ಚಿಯ ದಕ್ಷಿಣಕ್ಕಿರುವ ಚೆಲ್ಲಾನಂನಲ್ಲಿ ಕಡಲ್ಕೊರೆತ ಮನೆಗಳನ್ನೇ ನುಂಗಿ, ಟೆಟ್ರಾಪಾಡ್‌ಗಳ ತಡೆಗೋಡೆ ಕಟ್ಟಬೇಕಾಯಿತು. ಫೋರ್ಟ್ ಕೊಚ್ಚಿಯ ಕಡಲಂಚಿನ ಹಾದಿಯೂ ಅಲ್ಲಲ್ಲಿ ಅಲೆಗೆ ಸಿಕ್ಕು ಕುಸಿದಿದೆ. ಕತ್ತಲಲ್ಲಿ ಆ ಭಾಗದಲ್ಲಿ ನಡೆಯದಿರುವುದೇ ಮೇಲು.

ಬೋಟಿನ ವಿಷಯದಲ್ಲಿ ಎರಡು ದುರಂತಗಳನ್ನು ನೆನೆಯದೆ ಮುಂದೆ ಹೋಗಲಾಗದು. 2015ರ ಆಗಸ್ಟ್ 26ರಂದು, ಓಣಂ ಹಬ್ಬದ ವಾರದಲ್ಲಿ, ವೈಪಿನ್‌ನಿಂದ ಬರುತ್ತಿದ್ದ ಪ್ರಯಾಣಿಕರ ಬೋಟಿಗೆ ಫೋರ್ಟ್ ಕೊಚ್ಚಿಯ ದಡದ ಹತ್ತಿರವೇ ಮೀನುಗಾರಿಕೆ ಬೋಟ್ ಡಿಕ್ಕಿ ಹೊಡೆದು 11 ಮಂದಿ ಸತ್ತರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿಸಿಕೊಂಡಿದ್ದ ವಿಹಾರದ ಬೋಟ್ ಕತ್ತಲಾದ ಮೇಲೆ ಮಗುಚಿ 22 ಜನ ಹೋದರು, ಅವರಲ್ಲಿ ಮಕ್ಕಳು ಬಹಳ. ಸೂರ್ಯಾಸ್ತ ತೋರಿಸುತ್ತೇವೆಂದು ಹೋಟೆಲಿನವರೋ ಜೆಟ್ಟಿಯ ದಲ್ಲಾಳಿಯೋ ಖಾಸಗಿ ಬೋಟ್ ಗೊತ್ತುಮಾಡಿದಾಗ, ಎಷ್ಟು ಜನರಿಗೆ ಪರವಾನಗಿ ಇದೆ ಎಂದು ಕೇಳಿ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೈಗೆ ಬಂದ ಮೇಲಷ್ಟೇ ಕಾಲಿಡಬೇಕು. ಕೊಡದಿದ್ದರೆ ಇಳಿದುಬರಬೇಕು. ಮುಂಗಡ ಕೊಟ್ಟ ದುಡ್ಡು ಹೋದರೆ ಹೋಗಲಿ.

ಇನ್ನು ಕಟ್ಟಡ. ನೀರಿನ ಅಂಚಿಗೆ ಎಷ್ಟು ಹತ್ತಿರ ಕಟ್ಟಬಹುದು ಎಂಬುದಕ್ಕೆ ಕರಾವಳಿ ನಿಯಂತ್ರಣ ವಲಯದ ಕಾನೂನಿದೆ. ಅದನ್ನು ಮೀರಿದ್ದಕ್ಕೆ ಏನಾಗುತ್ತದೆ ಎಂಬುದನ್ನು ಕೊಚ್ಚಿ ಕಣ್ಣಾರೆ ಕಂಡಿದೆ. ಊರಂಚಿನ ಮರಡುವಿನಲ್ಲಿ ಹಿನ್ನೀರಿನ ದಡದ ನಾಲ್ಕು ವಸತಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಕೆಡವಿದರು. ಆಲಪ್ಪುಳ ಜಿಲ್ಲೆಯಲ್ಲಿ ವೇಂಬನಾಡ್ ಸರೋವರದ ನೆಡಿಯತುರುತ್ತು ದ್ವೀಪದ ಐಷಾರಾಮಿ ರೆಸಾರ್ಟ್ ಒಂದನ್ನು ಕೆಡವುವ ಕೆಲಸವೂ 2022ರಲ್ಲಿ ಶುರುವಾಯಿತು. ಉಳಿಯಲು ಹೋಗುವವರು ಕಾನೂನು ಪುಸ್ತಕ ಓದಬೇಕಿಲ್ಲ. ಆದರೆ ಜಗಲಿಯೇ ನೀರಿನ ಮೇಲೆ ಚಾಚಿಕೊಂಡಿದೆ ಎಂದು ಹೆಮ್ಮೆಯಿಂದ ಜಾಹೀರಾತು ಕೊಡುವ ಹೊಸ ಕಟ್ಟಡ ಕಂಡರೆ ಒಂದು ಕ್ಷಣ ಯೋಚಿಸಬೇಕು. ದಡದ ನಿಯಮವನ್ನು ಲೆಕ್ಕಿಸದವರು ಬೆಂಕಿಯ ನಿಯಮವನ್ನು ಪಾಲಿಸಿದ್ದಾರೆಂದು ಹೇಗೆ ನಂಬುವುದು?

ಫೋರ್ಟ್ ಕೊಚ್ಚಿಯ ಹಳೆಯ ಬಂಗಲೆಗಳಲ್ಲಿ ಈ ಬೆಂಕಿಯ ಮಾತು ಇನ್ನಷ್ಟು ಮುಖ್ಯ. ಮರದ ಅಟ್ಟ, ಮರದ ಮೆಟ್ಟಿಲು, ಮರದ ತೊಲೆ. ಆ ಚೆಲುವಿಗಾಗಿಯೇ ಜನ ಅಲ್ಲಿಗೆ ಹೋಗುತ್ತಾರೆ. 2019ರ ಫೆಬ್ರುವರಿ 12ರ ನಸುಕಿನಲ್ಲಿ ದೆಹಲಿಯ ಕರೋಲ್ ಬಾಗ್‌ನ ಹೋಟೆಲೊಂದಕ್ಕೆ ಬೆಂಕಿ ಬಿದ್ದು 17 ಮಂದಿ ಸತ್ತಾಗ, ಓಣಿಗಳ ಗೋಡೆಗೆ ಹೊದಿಸಿದ್ದ ಮರದ ಹಲಗೆ ಬೆಂಕಿಯನ್ನು ಬೇಗ ಹಬ್ಬಿಸಿತೆಂದು ಅಗ್ನಿಶಾಮಕ ಅಧಿಕಾರಿಗಳು ಹೇಳಿದ್ದರು. ಕೋಣೆಗೆ ಹೋದ ಕೂಡಲೇ ಚೀಲ ಇಟ್ಟು, ಎರಡನೇ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲಿಗೆ ಬೀಗ ಬಿದ್ದಿದೆಯೇ ಎಂದು ನೋಡಿಬರಲು ಎರಡು ನಿಮಿಷ ಸಾಕು. ಕಿಟಕಿಗೆ ತೆಗೆಯಲಾಗದ ಕಬ್ಬಿಣದ ಸರಳು ಇದ್ದು, ಇಳಿಯಲು ಒಂದೇ ಮರದ ಮೆಟ್ಟಿಲಿದ್ದರೆ ನೆಲಮಹಡಿಯ ಕೋಣೆ ಕೇಳುವುದು ಲೇಸು. ಜೊತೆಗೆ ಕಿಟಕಿಗೆ ಸೊಳ್ಳೆ ಜಾಲರಿ ಇದೆಯೇ ಎಂದೂ ನೋಡಬೇಕು. ಕಾಲುವೆಗಳ ಊರಾದ ಕೊಚ್ಚಿಗೂ ಸೊಳ್ಳೆಗೂ ಬಹಳ ಹಳೆಯ ನಂಟು. ಜಾಲರಿ ಇಲ್ಲದ ಕೋಣೆಯಲ್ಲಿ ಸಂಜೆ ಆರರ ಮೇಲೆ ಆ ಫೋಟೊದ ಕಿಟಕಿಯನ್ನು ತೆರೆಯುವಂತೆಯೇ ಇಲ್ಲ.

ಬುಕ್ ಮಾಡುವ ಮುನ್ನ ಫೋನಿನಲ್ಲಿ ಒಮ್ಮೆ ಮಾತಾಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಸಮುದ್ರ ಎಷ್ಟು ದೂರ ಎಂದು ಕೇಳಿದರೆ ಎಲ್ಲರೂ ಹತ್ತಿರ ಎನ್ನುತ್ತಾರೆ. ಅದರ ಬದಲು ಜೆಟ್ಟಿಗೆ ನಡೆದು ಹೋಗಲು ಯಾವ ಬೀದಿ ಹಿಡಿಯಬೇಕು, ರಾತ್ರಿ ಹತ್ತಕ್ಕೆ ಬಂದರೆ ಗೇಟ್ ತೆಗೆಯಲು ಯಾರಿರುತ್ತಾರೆ, ಮಳೆ ಬಂದಾಗ ಮುಂದಿನ ರಸ್ತೆಯಲ್ಲಿ ನೀರು ನಿಲ್ಲುತ್ತದೆಯೇ ಎಂದು ಕೇಳಿದರೆ ಉತ್ತರಿಸುವ ದನಿಯಲ್ಲೇ ಸತ್ಯ ತಿಳಿಯುತ್ತದೆ. ಮೊಬೈಲ್ ನಕ್ಷೆಯಲ್ಲಿ ಹೋಟೆಲಿನ ಗುರುತನ್ನು ಕಣ್ಣುಮುಚ್ಚಿ ನಂಬದೆ, ಉಪಗ್ರಹ ಚಿತ್ರದಲ್ಲಿ ಬಾಗಿಲು ಯಾವ ಬೀದಿಗೆ ತೆರೆಯುತ್ತದೆ ಎಂದು ನೋಡಬೇಕು. ನೀರಿಗೆ ಬೆನ್ನು ಹಾಕಿದ ಬಾಗಿಲುಗಳೂ ಉಂಟು. ಅಂಥ ಕಡೆ ನೀರು ಹತ್ತೇ ಮೀಟರ್ ದೂರವಿದ್ದರೂ ದಾರಿ ಅರ್ಧ ಕಿಲೊಮೀಟರ್ ಆಗಬಹುದು.

ವರ್ಷದಲ್ಲಿ ಒಂದು ರಾತ್ರಿ ಮಾತ್ರ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ಡಿಸೆಂಬರ್ 31ರಂದು ಪಾಪಾಂಜಿ ಎಂಬ ಮುದುಕನ ದೊಡ್ಡ ಪ್ರತಿಮೆಯನ್ನು ಮಧ್ಯರಾತ್ರಿ ಸುಟ್ಟು ಹಳೆಯ ವರ್ಷವನ್ನು ಕಳಿಸಿಕೊಡಲು ಫೋರ್ಟ್ ಕೊಚ್ಚಿಗೆ ಜನಸಾಗರವೇ ಬರುತ್ತದೆ. ಪೊಲೀಸರು ವಾಹನ ತಡೆಯುತ್ತಾರೆ, ಬೋಟ್‌ಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಆ ರಾತ್ರಿ ನೋಡಲೇಬೇಕೆನ್ನುವವರು ಫೋರ್ಟ್ ಕೊಚ್ಚಿಯಲ್ಲೇ, ನಡೆದು ಮನೆ ಸೇರುವ ದೂರದಲ್ಲಿ, ತಿಂಗಳುಗಳ ಮುಂಚೆ ಕೋಣೆ ಹಿಡಿದಿರಬೇಕು. ಮಕ್ಕಳು, ಹಿರಿಯರು ಇದ್ದರೆ ಆ ವಾರವನ್ನೇ ಬಿಟ್ಟು ಜನವರಿ ಎರಡನೇ ವಾರಕ್ಕೆ ಹೋಗುವುದು ಒಳ್ಳೆಯದು; ಹವೆ ಅಷ್ಟೇ ಹಿತವಾಗಿರುತ್ತದೆ.

ಬರುವ ಹೋಗುವ ಹೊತ್ತೂ ದಡವನ್ನು ನಿರ್ಧರಿಸುತ್ತದೆ. 2025ರ ನವೆಂಬರಿನಿಂದ ಓಡುತ್ತಿರುವ ಬೆಂಗಳೂರು–ಎರ್ನಾಕುಲಂ ವಂದೇ ಭಾರತ್ ಬೆಳಗಿನ ಜಾವ ಹೊರಟು ಮಧ್ಯಾಹ್ನ ಎರಡರ ಸುಮಾರಿಗೆ ಎರ್ನಾಕುಲಂ ಜಂಕ್ಷನ್ ತಲುಪುತ್ತದೆ. ಅಲ್ಲಿಂದ ಮುಖ್ಯ ಬೋಟ್ ಜೆಟ್ಟಿಗೆ ಆಟೊದಲ್ಲಿ ಹೋಗಿ ಬೋಟ್ ಹಿಡಿದರೆ ಬೆಳಕಿರುವಾಗಲೇ ಫೋರ್ಟ್ ಕೊಚ್ಚಿಯ ಮನೆ ಸೇರಬಹುದು. ಮರಳುವ ರೈಲೂ ಮಧ್ಯಾಹ್ನದ ಮೇಲೆಯೇ ಹೊರಡುವುದರಿಂದ ಹೋಟೆಲ್ ಬದಲಿಸುವ ಅಗತ್ಯವಿಲ್ಲ. ಮಂಗಳೂರಿನ ಕಡೆಯಿಂದ ಬರುವವರು ಟಿಕೆಟ್‌ನಲ್ಲಿ ಎರ್ನಾಕುಲಂ ಟೌನ್ ಎಂದಿದೆಯೋ ಜಂಕ್ಷನ್ ಎಂದಿದೆಯೋ ನೋಡಿಕೊಳ್ಳಲಿ, ಎರಡೂ ಬೇರೆ ನಿಲ್ದಾಣಗಳು. ರಾತ್ರಿ ರೈಲಿಗೆ ಬಂದಿಳಿಯುವವರಿಗೆ, ನಸುಕಿನ ವಿಮಾನ ಹಿಡಿಯಬೇಕಾದವರಿಗೆ ಆ ಒಂದು ರಾತ್ರಿ ಎರ್ನಾಕುಲಂ ಕಡೆಯೇ ಅನುಕೂಲ. ನೆಡುಂಬಾಶ್ಶೇರಿ ವಿಮಾನ ನಿಲ್ದಾಣ ಅಲ್ಲಿಂದ ಸುಮಾರು 30 ಕಿಲೊಮೀಟರ್. ಫೋರ್ಟ್ ಕೊಚ್ಚಿಯಿಂದ ಹೊರಟರೆ ಇನ್ನೂ ಹತ್ತು ಹನ್ನೆರಡು ಕಿಲೊಮೀಟರ್ ಸೇರುತ್ತದೆ, ಬೋಟ್‌ಗಳು ಆ ಹೊತ್ತಿಗೆ ಓಡುತ್ತಿರುವುದಿಲ್ಲ.